ತಪ್ಪೇ ಮಾಡದ ನಾಯಕನನ್ನು ಓದುಗರು ನಂಬುವ ಹಾಗೆ ಬರೆಯುವುದು ಹೇಗೆ?

ನೇರವಾಗಿ ವಿಷಯಕ್ಕೆ ಬರೋಣ. ಒಂದೂ ಕುಂದಿಲ್ಲದ ನಾಯಕನನ್ನು ಓದುಗರು ನಂಬುತ್ತಾರಾ? ನಂಬುತ್ತಾರೆ. ಆದರೆ ಅವನ ಒಳ್ಳೆಯತನಕ್ಕೆ ಕಥೆಯೊಳಗೆ ಯಾರಾದರೂ ಬೆಲೆ ತೆರುತ್ತಿರಬೇಕು. ಅವನೇ ತೆರಲಿ, ಅವನ ಹೆಂಡತಿ ತೆರಲಿ, ಪಕ್ಕದ ಮೇಜಿನವನು ತೆರಲಿ. ಯಾರೂ ಏನೂ ಕಳೆದುಕೊಳ್ಳದೆ, ಸುಮ್ನೆ ಒಳ್ಳೆಯವನಾಗಿ ಓಡಾಡಿಕೊಂಡಿರುವ ನಾಯಕ ಹತ್ತು ಪುಟ ದಾಟುವಷ್ಟರಲ್ಲಿ ಬೇಜಾರು ಹಿಡಿಸುತ್ತಾನೆ.

ಸಾಮಾನ್ಯವಾಗಿ ಸಿಗುವ ಸಲಹೆ ಬೇರೆ. "ನಾಯಕನಿಗೆ ಒಂದು ದೋಷ ಇಡಿ, ಆಗ ಮನುಷ್ಯನ ಹಾಗೆ ಕಾಣುತ್ತಾನೆ" ಅನ್ನುತ್ತಾರೆ. ಸಲಹೆ ತಪ್ಪಲ್ಲ, ಅರ್ಧಂಬರ್ಧ. ಅದನ್ನು ಕೇಳಿದವರು ಏನು ಮಾಡುತ್ತಾರೆ ಅಂದರೆ, ನಾಯಕನ ಕೈಗೊಂದು ಸಿಗರೇಟು ಕೊಡುತ್ತಾರೆ, ಮೂಗಿನ ತುದಿಯಲ್ಲಿ ಸಿಟ್ಟು ಕೂರಿಸುತ್ತಾರೆ, ಇಲ್ಲಾ ಹಳೇ ಪ್ರೇಮದ ನೆನಪಲ್ಲಿ ಒಂದು ರಾತ್ರಿ ಕುಡಿಸುತ್ತಾರೆ. ಬೆಳಗಾದರೆ ಅವನು ಮತ್ತೆ ಎಲ್ಲರಿಗಿಂತ ಬುದ್ಧಿವಂತ, ಎಲ್ಲರಿಗಿಂತ ಧೈರ್ಯವಂತ. ಆ ಸಿಗರೇಟಿನಿಂದ ಕಥೆಯಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಚೆಂದದ ಮಗುವಿನ ಕೆನ್ನೆಗೆ ಇಡುವ ದೃಷ್ಟಿಬೊಟ್ಟು ಅದು, ಅಷ್ಟೆ. ಬೊಟ್ಟು ಇಟ್ಟಿದ್ದರಿಂದ ಮಗು ಬೇರೆ ಮಗು ಆಗುವುದಿಲ್ಲ.

ಈ ಬರಹದಲ್ಲಿ ಹೇಳುವ ದಾರಿ ಇನ್ನೊಂದು. ದೋಷ ಹೊರಗಿನಿಂದ ತಂದು ಅಂಟಿಸಬೇಡಿ. ಗುಣದ ಬೆಲೆಯನ್ನು ಹುಡುಕಿ.

ಬೇಜಾರು ಎಲ್ಲಿಂದ ಬರುತ್ತದೆ

ಓದುಗರು ಕಥೆಯಲ್ಲಿ ಕಾಯುವುದೇ "ಇವನು ಈಗ ಏನು ಮಾಡುತ್ತಾನೆ" ಅನ್ನುವುದಕ್ಕೆ. ನಾಯಕ ಪ್ರತಿ ಸಲವೂ ಸರಿಯಾದದ್ದನ್ನೇ ಮಾಡುತ್ತಾನೆ, ಮಾಡುವಾಗ ಒಂದು ಕ್ಷಣವೂ ತಡವರಿಸುವುದಿಲ್ಲ ಅಂತ ಗೊತ್ತಾದ ಮೇಲೆ ಆ ಪ್ರಶ್ನೆ ಸತ್ತ ಹಾಗೆ. ಆಮೇಲೆ ಉಳಿಯುವುದು "ಹೇಗೆ ಮಾಡುತ್ತಾನೆ" ಅನ್ನುವ ಕುತೂಹಲ ಮಾತ್ರ. ಸಾಹಸದ ಕಥೆಗೆ ಅದು ಸಾಕು. ಬೇರೆ ಕಥೆಗಳಿಗೆ ಸಾಲುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಾಯಕನ ಮೇಲೆ ಒಂದು ಕಲೆಯೂ ಬೀಳದ ಹಾಗೆ ನೋಡಿಕೊಳ್ಳಬೇಕಾದರೆ ಬರೆಯುವವರು ಅವನ ಸುತ್ತಲಿನ ಜಗತ್ತನ್ನೇ ಬಗ್ಗಿಸಬೇಕಾಗುತ್ತದೆ. ಎದುರಾಳಿ ದಡ್ಡನಾಗಬೇಕು. ಗೆಳೆಯ ಬಾಯಿಬಿಟ್ಟು ಹೊಗಳಬೇಕು. ಹೆಂಡತಿಗೆ ಅವನ ಮೇಲೆ ಕೋಪ ಬಂದರೂ ಅದು ಮುಂದಿನ ಪ್ಯಾರಾದಲ್ಲಿ ಇಳಿದುಹೋಗಬೇಕು. ಓದುಗರಿಗೆ ಅನುಮಾನ ಬರುವುದು ನಾಯಕನ ಮೇಲಲ್ಲ, ಈ ಜಗತ್ತಿನ ಮೇಲೆ. ಹೀಗೆಲ್ಲಾ ಎಲ್ಲಿಯಾದರೂ ನಡೆಯುತ್ತಾ ಅನ್ನಿಸುತ್ತದೆ.

ಇಂಥ ಪಾತ್ರಕ್ಕೆ ಇಂಗ್ಲಿಷ್ ಓದುವವರ ನಡುವೆ 'ಮೇರಿ ಸ್ಯೂ' ಅನ್ನುವ ಹೆಸರಿದೆ, ಇಂಟರ್‌ನೆಟ್‌ನಲ್ಲಿ ನೀವೂ ನೋಡಿರುತ್ತೀರಿ. 1973ರಲ್ಲಿ ಪೌಲಾ ಸ್ಮಿತ್ ಎಂಬಾಕೆ, ಸ್ಟಾರ್ ಟ್ರೆಕ್ ಅನ್ನುವ ಬಾಹ್ಯಾಕಾಶ ನೌಕೆಯ ಟಿವಿ ಧಾರಾವಾಹಿಯ ಅಭಿಮಾನಿಗಳ ಪತ್ರಿಕೆಯಲ್ಲಿ ಒಂದು ಚಿಕ್ಕ ಅಣಕು ಕಥೆ ಬರೆದರು. ಅದರ ಮೇರಿ ಸ್ಯೂ ಹದಿನೈದೂವರೆ ವರ್ಷದ ಹುಡುಗಿ, ಆಗಲೇ ನೌಕೆಯ ಅಧಿಕಾರಿ, ಎಲ್ಲದರಲ್ಲೂ ನಿಪುಣೆ, ಕಂಡವರೆಲ್ಲ ಮೆಚ್ಚುವವಳು. ಕೊನೆಗೆ ಸಾಯುತ್ತಾಳೆ, ದೊಡ್ಡ ದೊಡ್ಡ ಅಧಿಕಾರಿಗಳೆಲ್ಲ ಅಳುತ್ತಾರೆ. ಆ ಕಥೆ ನಗಿಸುವುದು ಹುಡುಗಿಯ ಜಾಣತನದಿಂದಲ್ಲ. ಸುತ್ತಲಿನ ಅಷ್ಟೂ ಜನ ಸ್ವಂತ ಕೆಲಸ ಬಿಟ್ಟು ಅವಳನ್ನು ಮೆಚ್ಚುತ್ತಾ ನಿಂತಿದ್ದಾರಲ್ಲ, ಅದರಿಂದ. (ಗಂಡು ನಾಯಕರಲ್ಲೂ ಇದೇ ಜಾತಿಯವರು ಬೇಕಾದಷ್ಟಿದ್ದಾರೆ, ಆದರೆ ಬೈಗುಳ ಮಾತ್ರ ಹುಡುಗಿಯ ಹೆಸರಿಗೇ ಅಂಟಿಕೊಂಡಿತು.)

ಅರಿಸ್ಟಾಟಲ್‌ಗೂ ಈ ಸಮಸ್ಯೆ ಗೊತ್ತಿತ್ತು. ಪೂರ್ತಿ ಒಳ್ಳೆಯವನು ಸುಖದಿಂದ ದುಃಖಕ್ಕೆ ಬೀಳುವುದನ್ನು ತೋರಿಸಿದರೆ ಭಯವೂ ಹುಟ್ಟುವುದಿಲ್ಲ, ಕರುಣೆಯೂ ಹುಟ್ಟುವುದಿಲ್ಲ, ನೋಡುವವರಿಗೆ ಮನಸ್ಸು ಕೆಡುತ್ತದೆ ಅಷ್ಟೆ ಅಂತ 'ಪೊಯೆಟಿಕ್ಸ್'ನಲ್ಲಿ ಹೇಳಿದ. ಅವನಿಗೆ ಬೇಕಾದದ್ದು ನಡುವಿನ ಮನುಷ್ಯ. ಕೆಟ್ಟವನಲ್ಲ, ಆದರೆ ಒಂದು ತಪ್ಪು ಹೆಜ್ಜೆ ಇಡಬಲ್ಲವನು. ನಮ್ಮ ಕಡೆ ಕಾವ್ಯಶಾಸ್ತ್ರದವರು ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಅಂತ ನಾಲ್ಕು ಬಗೆ ಮಾಡಿದರು. ಎಲ್ಲರೂ ಆದರ್ಶ ಪುರುಷರೇ ಅಂದುಕೊಳ್ಳಬೇಡಿ. ನಾಲ್ಕನೆಯವನಿಗೆ ಜಂಬ, ಹೊಟ್ಟೆಕಿಚ್ಚು, ಮೋಸ ಎಲ್ಲವೂ ಲಕ್ಷಣದಲ್ಲೇ ಸೇರಿವೆ.

ಪಂಪನ ನಾಯಕ ಯಾರು?

ಇದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ, ಸಾವಿರ ವರ್ಷ ಹಳೆಯದು. ಪಂಪ 941ರ ಹೊತ್ತಿಗೆ 'ವಿಕ್ರಮಾರ್ಜುನ ವಿಜಯ' ಬರೆದ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದು ಮಾಡಿ ಹೇಳುವ ಕಾವ್ಯ. ದೊರೆಯೇ ನಾಯಕ ಅಂದ ಮೇಲೆ ನಾಯಕನ ಮೇಲೆ ಕಲೆ ಇರುವಂತಿಲ್ಲ, ಅಲ್ವಾ? ಹಾಗಾಗಿ ದ್ರೌಪದಿ ಇಲ್ಲಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಮೂಲ ಕಥೆಯ ದೊಡ್ಡ ಇಕ್ಕಟ್ಟು ಒಂದು ಅಲ್ಲಿಗೆ ಸಲೀಸಾಗಿ ಬಿಚ್ಚಿಕೊಂಡಿತು. ಅದರ ಜೊತೆಗೆ ಅರ್ಜುನನ ಬದುಕಿನಿಂದ ಒಂದು ನೋವೂ ಹೋಯಿತು.

ಆದರೆ ಅದೇ ಪಂಪ, ಕರ್ಣ ಬಿದ್ದ ಕೂಡಲೇ, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ಒಂದೇ ಮನಸ್ಸಿನಿಂದ ನೆನೆಯುವುದಾದರೆ ಕರ್ಣನನ್ನು ನೆನೆ ಅಂತ ಹೇಳಿಬಿಡುತ್ತಾನೆ. ನಾಯಕ ಅರ್ಜುನ, ನೆನಪಲ್ಲಿ ಉಳಿಯುವವನು ಕರ್ಣ. ಇವತ್ತಿಗೂ ಪಂಪನ ಪದ್ಯ ಬಾಯಿಪಾಠ ಬರುವವರನ್ನು ಕೇಳಿ ನೋಡಿ, ಕರ್ಣನ ಪದ್ಯ ಹೇಳುವವರು ಸಿಕ್ಕೇ ಸಿಗುತ್ತಾರೆ.

ಯಾಕೆ? ಕರ್ಣನಲ್ಲಿ ದೋಷ ಇದೆ ಅಂತಲಾ? ಅದೂ ಸ್ವಲ್ಪ ಹೌದು. ಆದರೆ ಅವನನ್ನು ಕೊಂದದ್ದು ಅವನ ದೋಷಕ್ಕಿಂತ ಜಾಸ್ತಿ ಅವನ ಗುಣ. ಕೇಳಿದವರಿಗೆ ಇಲ್ಲ ಅನ್ನದ ಗುಣದಿಂದ ಕವಚ ಕುಂಡಲ ಹೋಯಿತು. ಅನ್ನ ಹಾಕಿದವನನ್ನು ಬಿಡದ ಗುಣದಿಂದ, ತಾನು ಯಾರ ಮಗ ಅಂತ ಗೊತ್ತಾದ ಮೇಲೂ ಸೋಲುವ ಪಕ್ಷದಲ್ಲೇ ಉಳಿದ. ಅವನ ಒಂದೊಂದು ಗುಣಕ್ಕೂ ಒಂದೊಂದು ಲೆಕ್ಕದ ಬಿಲ್ ಬಂದಿದೆ, ಅವನು ಒಂದನ್ನೂ ಬಾಕಿ ಇಡದೆ ಕಟ್ಟಿದ್ದಾನೆ.

ರಾಘವಾಂಕನ ಹರಿಶ್ಚಂದ್ರ ಇನ್ನೂ ಮಜವಾದ ಉದಾಹರಣೆ, ಯಾಕಂದರೆ ಅವನು ನಿಜಕ್ಕೂ ಒಂದು ಸುಳ್ಳನ್ನೂ ಹೇಳದವನು. ಇಂಥವನನ್ನು ಇಟ್ಟುಕೊಂಡು ಕಾವ್ಯ ಬರೆಯುವುದು ಕಷ್ಟ. ರಾಘವಾಂಕ ಏನು ಮಾಡಿದ ನೋಡಿ. ವಿಶ್ವಾಮಿತ್ರ ಕಳಿಸಿದ ಇಬ್ಬರು ಹಾಡುವ ಹುಡುಗಿಯರು ಬರುತ್ತಾರೆ, ಅರಸ ಅವರ ಹಾಡಿಗೆ ಮೆಚ್ಚಿ ಒಡವೆ ಕೊಡುತ್ತಾನೆ. ಅವರು ನಮ್ಮನ್ನು ಮದುವೆಯಾಗು ಅನ್ನುತ್ತಾರೆ. ಅವನು ಅವರ ಕುಲ ಎತ್ತಿ ಆಗುವುದಿಲ್ಲ ಅನ್ನುತ್ತಾನೆ. ಹಾಡು ಕೇಳಿದ ಕಿವಿಗೆ ಹೊಲೆ (ಮೈಲಿಗೆ) ಇಲ್ಲ, ರೂಪ ನೋಡಿದ ಕಣ್ಣಿಗೆ ಹೊಲೆ ಇಲ್ಲ, ಮೈ ಸೋಂಕಿದರೆ ಮಾತ್ರ ಹೇಗೆ ಬಂತು ಅಂತ ಆ ಹುಡುಗಿಯರು ಕೇಳುವ ಪ್ರಶ್ನೆಗೆ ಅವನ ಹತ್ತಿರ ಸರಿಯಾದ ಉತ್ತರ ಇರುವುದಿಲ್ಲ. ರಾಜ್ಯ ಬಿಟ್ಟರೂ ಬಿಟ್ಟೇನು, ಅವರನ್ನು ಮಾತ್ರ ಮದುವೆಯಾಗುವುದಿಲ್ಲ ಅಂತ ಹಟ ಹಿಡಿಯುತ್ತಾನೆ. ಕಡೆಗೆ ಕಾಶಿಯಲ್ಲಿ ವೀರಬಾಹುವಿನ ಆಳಾಗಿ ಸುಡುಗಾಡು ಕಾಯುತ್ತಾನೆ, ಯಾರ ಕುಲವನ್ನು ದೂರ ಇಟ್ಟಿದ್ದನೋ ಅದೇ ಕುಲದ ಯಜಮಾನನ ಕೈಕೆಳಗೆ. ಸತ್ಯ ಒಂದು ಕಡೆಯೂ ಕೆಡಲಿಲ್ಲ. ಆದರೆ ಸತ್ಯವಂತನಿಗೆ ಕಾಣದ ಒಂದು ಮೂಲೆ ಇತ್ತು, ಕಥೆ ಅವನನ್ನು ಸುತ್ತು ಹಾಕಿಸಿ ಅದೇ ಮೂಲೆಗೆ ತಂದು ನಿಲ್ಲಿಸಿತು.

ನಿಮ್ಮ ನಾಯಕನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲೇ ಇದೆ. ಅವನ ಅತಿ ದೊಡ್ಡ ಗುಣ ಯಾವುದು, ಆ ಗುಣ ಅವನಿಗೆ ಏನನ್ನು ಕಾಣದ ಹಾಗೆ ಮಾಡಿದೆ?

ಒಂದು ಪಾತ್ರವನ್ನು ಬಿಚ್ಚಿ ನೋಡೋಣ

ಸುಧಾಕರ ಅಂತ ಒಬ್ಬನನ್ನು ಇಟ್ಟುಕೊಳ್ಳೋಣ. ಆಸ್ಪತ್ರೆಯೊಂದರ ಔಷಧಿ ಸ್ಟೋರ್ ನೋಡಿಕೊಳ್ಳುವವನು, ಪ್ರಾಮಾಣಿಕ. ಮೊದಲ ಕರಡಿನಲ್ಲಿ ಅವನು ಸಾಮಾನ್ಯವಾಗಿ ಹೀಗೆ ಬರುತ್ತಾನೆ:

"ಸುಧಾಕರ ಎಂದೂ ಲಂಚ ಮುಟ್ಟಿದವನಲ್ಲ. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವನೆಂದರೆ ಗೌರವ. ಔಷಧಿ ಸಪ್ಲೈ ಮಾಡುವ ಕಂಟ್ರಾಕ್ಟರ್ ನೋಟಿನ ಕಟ್ಟನ್ನು ಮೇಜಿನ ಮೇಲೆ ಇಟ್ಟಾಗ ಅವನು ಶಾಂತವಾಗಿ ನಕ್ಕು, ತಗೊಂಡು ಹೋಗಿ, ಎಂದ. ಕಂಟ್ರಾಕ್ಟರ್ ತಲೆ ತಗ್ಗಿಸಿ ಹೊರಟ."

ವ್ಯಾಕರಣ ಸರಿ ಇದೆ, ಮನುಷ್ಯನೂ ಒಳ್ಳೆಯವನು. ಆದರೆ ಮೊದಲನೇ ವಾಕ್ಯದಲ್ಲೇ ತೀರ್ಪು ಬಂದುಬಿಟ್ಟಿದೆ, ಓದುಗರಿಗೆ ತೀರ್ಮಾನ ಮಾಡಲು ಏನೂ ಉಳಿದಿಲ್ಲ. ಎಲ್ಲರೂ ಗೌರವಿಸುತ್ತಾರೆ ಅನ್ನುವುದನ್ನು ನಂಬುವುದು ಕಷ್ಟ. ಲಂಚ ಮುಟ್ಟದವನು ಸ್ಟೋರ್‌ನಲ್ಲಿ ಕೂತಿದ್ದರೆ ಅಲ್ಲಿ ಕೆಲವರಿಗಾದರೂ ಅವನನ್ನು ಕಂಡರೆ ಆಗಬಾರದು. ನೋಟಿನ ಕಟ್ಟು ಅವನಿಗೆ ಆಸೆಯೇ ಹುಟ್ಟಿಸುತ್ತಿಲ್ಲ, ಅಂದ ಮೇಲೆ ಅದು ಪರೀಕ್ಷೆಯೇ ಅಲ್ಲ. ಇನ್ನು ಆ ಕಂಟ್ರಾಕ್ಟರ್. ಇಂಥ ಕಂಟ್ರಾಕ್ಟರ್‌ಗಳು ತಲೆ ತಗ್ಗಿಸಿ ಹೋಗುವುದಿಲ್ಲ, ನೇರ ಮೇಲಧಿಕಾರಿಯ ಕೋಣೆಗೆ ಹೋಗುತ್ತಾರೆ.

ಈಗ ಸುಧಾಕರನನ್ನು ಒಂದಿಷ್ಟೂ ಕೆಡಿಸದೆ ದೃಶ್ಯವನ್ನು ಬದಲಿಸೋಣ. ಆಸೆ ತೋರಿಸುವವನು ಕೆಟ್ಟವನಾಗಿದ್ದರೆ ಬೇಡ ಅನ್ನುವುದು ಸುಲಭ. ಕೇಳುವವರು ಒಳ್ಳೆಯವರಾಗಿರಲಿ, ಅವರ ಕಾರಣವೂ ನ್ಯಾಯವಾಗಿರಲಿ. ಜೊತೆಗೆ ಸುಧಾಕರನ ನಿಯಮಕ್ಕೂ ಒಂದು ನಿಜವಾದ ಕಾರಣ ಇರಲಿ. ಹೀಗೆಯೇ ಡಾಕ್ಟರ್ ಸಹಿ ಇರುವ ಚೀಟಿ (ಇಂಡೆಂಟ್) ಇಲ್ಲದೆ ಕೊಟ್ಟ ಔಷಧಿ ಹಿಂದೊಮ್ಮೆ ಹೊರಗೆ ಮಾರಾಟವಾಗಿತ್ತು ಅಂತ ಇಟ್ಟುಕೊಳ್ಳಿ.

ಗಿರಿಜಾ ಸಿಸ್ಟರ್ ಎರಡನೇ ಸಲ ಬಂದರು.

"ಎರಡು ವಯಲ್ ಸಾಕು ಸುಧಾಕರ್. ಬೆಳಗ್ಗೆ ಡಾಕ್ಟರ್ ಸಹಿ ಮಾಡಿಸಿ ತಂದುಕೊಡ್ತೀನಿ."

"ಇಂಡೆಂಟ್ ಇಲ್ಲದೆ ಹೇಗೆ ಕೊಡಲಿ ಸಿಸ್ಟರ್? ಡಾಕ್ಟರಿಗೆ ಇನ್ನೊಂದು ಸಲ ಫೋನ್ ಮಾಡಿ ನೋಡಿ."

"ಮಾಡಿ ಮಾಡಿ ಸಾಕಾಯ್ತು. ಎತ್ತುತ್ತಾ ಇಲ್ಲ."

ಅವನು ಸ್ಟಾಕ್ ರಿಜಿಸ್ಟರ್ ತೆರೆದ, ಮುಚ್ಚಿದ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು. "ಹೋದ ಸಲ ಏನಾಯ್ತು ಅಂತ ನಿಮಗೂ ಗೊತ್ತಲ್ಲ" ಎಂದ.

"ಗೊತ್ತು." ಗಿರಿಜಾ ಬಾಗಿಲಿಗೆ ಒರಗಿ ನಿಂತರು. "ನೀವು ಒಳ್ಳೆಯವರು ಅಂತ ಎಲ್ರೂ ಹೇಳ್ತಾರೆ. ಇವತ್ತು ರಾತ್ರಿ ಇಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ಚೆನ್ನಾಗಿತ್ತು."

ಸುಧಾಕರ ಇಲ್ಲೂ ಅದೇ ಮನುಷ್ಯ. ಸುಳ್ಳು ಹೇಳಲಿಲ್ಲ, ಕದಿಯಲಿಲ್ಲ, ಕಿರುಚಲೂ ಇಲ್ಲ. ಆದರೆ ಈಗ ಅವನ ಪ್ರಾಮಾಣಿಕತೆಯ ಬೆಲೆಯನ್ನು ವಾರ್ಡಿನಲ್ಲಿ ಮಲಗಿರುವ ಯಾರೋ ತೆರುತ್ತಿದ್ದಾರೆ. ಓದುಗರು ಎರಡೂ ಕಡೆ ಎಳೆದಾಡಿಸಿಕೊಳ್ಳುತ್ತಾರೆ. ಅವನು ಮುಂದೆ ಏನು ಮಾಡುತ್ತಾನೆ ಅನ್ನುವ ಪ್ರಶ್ನೆಗೆ ಮತ್ತೆ ಜೀವ ಬಂತು.

ಇಲ್ಲಿಂದ ಮುಂದಕ್ಕೆ ಎಡವುವವರು ಬಹಳ. ಕೈಗೆ ಮೊದಲು ಸಿಗುವ ಮುಂದುವರಿಕೆ ಅಂದರೆ, ಅವನು ಕೊಡುವುದಿಲ್ಲ, ರೋಗಿ ಸಾಯುತ್ತಾನೆ, ಅವನು ಜೀವನಪೂರ್ತಿ ಕೊರಗುತ್ತಾನೆ. ದಯವಿಟ್ಟು ಇದನ್ನು ಬರೆಯಬೇಡಿ. ಸಾವು ಬಂದ ಕೂಡಲೇ ಅವನು ತಪ್ಪು ಮಾಡಿದ ಅಂತ ಕಥೆ ತೀರ್ಪು ಕೊಟ್ಟುಬಿಡುತ್ತದೆ. ಇದರ ಉಲ್ಟಾ, ಅಂದರೆ ಡಾಕ್ಟರ್ ಸರಿಯಾದ ಸಮಯಕ್ಕೆ ಓಡಿ ಬಂದು ಸಹಿ ಹಾಕುವುದು, ಅದೂ ಅಷ್ಟೇ ಕೆಟ್ಟದ್ದು. ನಾಯಕನ ಕೈಯನ್ನು ಬರೆಯುವವರೇ ತೊಳೆದುಕೊಟ್ಟ ಹಾಗಾಯಿತು. ಬೇರೆ ದಾರಿಗಳಿವೆ. ರೋಗಿ ಉಳಿಯಲಿ, ಆದರೆ ಹೇಗೆ ಉಳಿದ ಅನ್ನುವುದು ಸುಧಾಕರನಿಗೆ ತಿಳಿಯದಿರಲಿ, ಗಿರಿಜಾ ಹೇಳದಿರಲಿ. ಅಥವಾ ಅವನು ವಯಲ್ ಕೊಟ್ಟು ರಿಜಿಸ್ಟರ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು ಸಸ್ಪೆಂಡ್ ಆಗಲಿ, ವಿಚಾರಣೆಯಲ್ಲಿ ಗಿರಿಜಾ ಹೆದರಿ ತಾನು ಕೇಳಲೇ ಇಲ್ಲ ಅನ್ನಲಿ. ಎರಡರಲ್ಲೂ ಅವನು ಕುಂದಿಲ್ಲದವನಾಗಿಯೇ ಉಳಿಯುತ್ತಾನೆ. ನನಗೆ ಎರಡನೆಯದೇ ಇಷ್ಟ, ಯಾಕಂದರೆ ಅಲ್ಲಿ ಗಿರಿಜಾ ಪಾತ್ರಕ್ಕೂ ಮೈಕೈ ತುಂಬಿಕೊಳ್ಳುತ್ತದೆ.

ಗುಣವನ್ನೇ ಇನ್ನೊಂದು ಮಗ್ಗುಲಿನಿಂದ ನೋಡುವುದು

ಬೆಲೆ ಯಾವಾಗಲೂ ಹೊರಗಿನದೇ ಆಗಬೇಕಿಲ್ಲ. ಕೆಲವರಲ್ಲಿ ಒಳ್ಳೆಯತನದೊಳಗೇ ಒಂದು ಲೆಕ್ಕಾಚಾರ ಇರುತ್ತದೆ, ಅದು ಅವರಿಗೇ ಗೊತ್ತಿರುವುದಿಲ್ಲ. ಅನಂತಮೂರ್ತಿಯವರ 'ಸಂಸ್ಕಾರ' (1965) ಓದಿದವರಿಗೆ ಪ್ರಾಣೇಶಾಚಾರ್ಯರು ನೆನಪಾಗುತ್ತಾರೆ. ವೇದಾಂತ ಶಿರೋಮಣಿ, ಅಗ್ರಹಾರಕ್ಕೆಲ್ಲ ಆದರ್ಶ, ಕಾಯಿಲೆಯ ಹೆಂಡತಿಯ ಸೇವೆ ಮಾಡುತ್ತಾ ಒಂದು ಬೇಸರದ ಮಾತನ್ನೂ ಆಡದವರು. ಮೇಲಿನಿಂದ ನೋಡಿದರೆ ಒಂದು ಕುಂದು ಇಲ್ಲ. ಆದರೆ ಆ ಸೇವೆಯೇ ಅವರಿಗೆ ಮೋಕ್ಷದ ಮೆಟ್ಟಿಲು. ಹೆಂಡತಿಯ ಕಾಯಿಲೆ ಅವರ ಪುಣ್ಯಕ್ಕೆ ಬೇಕಾಗಿದೆ! ಕಾದಂಬರಿ ಅವರಿಗೆ ಹೊಸ ದೋಷ ಏನನ್ನೂ ತಂದು ಅಂಟಿಸುವುದಿಲ್ಲ, ಇದ್ದ ಗುಣವನ್ನೇ ತಿರುಗಿಸಿ ತೋರಿಸುತ್ತದೆ. ಆಚಾರ ಬಿಟ್ಟು ಬದುಕಿ ಸತ್ತ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಅನ್ನುವ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರ ಸಿಗದೇ ಹೋದಾಗ ಅವರ ಕಾಲ ಕೆಳಗಿನ ನೆಲ ಸರಿಯುತ್ತದೆ.

ಇದನ್ನು ನಿಮ್ಮ ಪಾತ್ರಕ್ಕೆ ಮಾಡುವ ವಿಧಾನ ಸರಳ. ನಾಯಕನ ಮುಖ್ಯ ಗುಣ ಬರೆದುಕೊಳ್ಳಿ. ಆ ಗುಣದಿಂದ ಅವನಿಗೆ ಏನು ಸಿಗುತ್ತದೆ ಅಂತ ಕೆಳಗೆ ಬರೆಯಿರಿ, ನಾಚಿಕೆ ಬಿಟ್ಟು. ಎಲ್ಲರಿಗೂ ಸಹಾಯ ಮಾಡುವ ಅಕ್ಕ ಒಬ್ಬಳಿದ್ದರೆ, ಸಹಾಯದಿಂದ ಅವಳಿಗೆ ಸಿಗುವುದು ಏನು? ತನ್ನ ಮನೆಯ ಜಗಳದಿಂದ ಹೊರಗಿರುವ ನೆಪ ಇರಬಹುದು. ಯಾರೂ ತನಗೆ ಎದುರು ಹೇಳಲಾರರು ಅನ್ನುವ ಬಲ ಇರಬಹುದು. ಅವಳ ಸಹಾಯ ಇದರಿಂದ ಸುಳ್ಳಾಗುವುದಿಲ್ಲ. ಸಹಾಯವೂ ನಿಜ, ನೆಪವೂ ನಿಜ. ಎರಡೂ ಒಟ್ಟಿಗೆ ನಿಂತಾಗ ಓದುಗರಿಗೆ ಈಕೆಯನ್ನು ಎಲ್ಲೋ ನೋಡಿದ್ದೇವೆ ಅನ್ನಿಸುತ್ತದೆ.

ಅತಿ ಮಾಡಬೇಡಿ. ಪ್ರತಿ ಒಳ್ಳೆಯ ಕೆಲಸದ ಹಿಂದೆಯೂ ಸ್ವಾರ್ಥ ಅಗೆಯುತ್ತಾ ಹೋದರೆ ಅದೂ ಒಂದು ಸೂತ್ರವಾಗುತ್ತದೆ. ಈಚೆಗೆ ಬರುವ ಕಥೆಗಳಲ್ಲಿ ನಾಯಕ ಕಡ್ಡಾಯವಾಗಿ ಅರ್ಧ ಕೆಟ್ಟವನಾಗಿರಲೇಬೇಕು ಅನ್ನುವ ಹಾಗಾಗಿದೆ. ನಿಜ ಹೇಳಬೇಕೆಂದರೆ ಅದೂ ಅಷ್ಟೇ ಬೋರು. ಬದುಕಿನಲ್ಲಿ ನಿಜವಾಗಿಯೂ ಒಳ್ಳೆಯವರು ಇರುತ್ತಾರೆ.

ಇಲ್ಲ, ನನಗೆ ಪೂರ್ತಿ ಒಳ್ಳೆಯವನೇ ಬೇಕು ಅಂದರೆ

ಆಗಬಹುದು, ಆದರೆ ಇದು ಎಲ್ಲಕ್ಕಿಂತ ಕಷ್ಟದ ಕೆಲಸ ಅಂತ ತಿಳಿದು ಕೈ ಹಾಕಿ. ಇಂಗ್ಲಿಷ್‌ನ ರಿಚರ್ಡ್‌ಸನ್ 1753-54ರಲ್ಲಿ ಸರ್ ಚಾರ್ಲ್ಸ್ ಗ್ರಾಂಡಿಸನ್ ಅನ್ನುವ ಪರಿಪೂರ್ಣ ಗೃಹಸ್ಥನನ್ನು ನಾಯಕನಾಗಿ ಮಾಡಿ ಏಳು ಸಂಪುಟ ತುಂಬಿಸಿದ. ಆ ಕಾಲದಲ್ಲಿ ಜನ ಓದಿದರು. ಆದರೆ ಅದಕ್ಕಿಂತ ಕೆಲವೇ ವರ್ಷ ಮೊದಲು ಬಂದ ಫೀಲ್ಡಿಂಗ್‌ನ ತುಂಟ ಟಾಮ್ ಜೋನ್ಸ್ ಇವತ್ತಿಗೂ ಓದುಗರನ್ನು ನಗಿಸುತ್ತಿದ್ದಾನೆ, ಗ್ರಾಂಡಿಸನ್ ಸಾಹಿತ್ಯದ ವಿದ್ಯಾರ್ಥಿಗಳ ಪಾಲಿಗೆ ಉಳಿದ.

ಈ ಕಷ್ಟವನ್ನು ಸರಿಯಾಗಿ ಯೋಚಿಸಿದವನು ರಷ್ಯದ ಕಾದಂಬರಿಕಾರ ದಾಸ್ತೋವ್ಸ್ಕಿ. 'ಈಡಿಯಟ್' ಬರೆಯುತ್ತಿದ್ದಾಗ, 1868ರ ಜನವರಿಯಲ್ಲಿ, ತಂಗಿಯ ಮಗಳಿಗೆ ಬರೆದ ಕಾಗದದಲ್ಲಿ ಪೂರ್ತಿ ಸುಂದರ ಮನಸ್ಸಿನ ಮನುಷ್ಯನನ್ನು ಚಿತ್ರಿಸುವುದಕ್ಕಿಂತ ಕಷ್ಟದ ಕೆಲಸ ಇಲ್ಲ ಅನ್ನುತ್ತಾನೆ. ಆಮೇಲೆ ತನಗಿಂತ ಹಿಂದಿನವರು ಇದನ್ನು ಹೇಗೆ ನಿಭಾಯಿಸಿದರು ಅಂತ ಲೆಕ್ಕ ಹಾಕುತ್ತಾನೆ. ಡಾನ್ ಕ್ವಿಕ್ಸೋಟ್ ಒಳ್ಳೆಯವನಾಗಿ ಒಪ್ಪಿಗೆಯಾಗುವುದು ಅವನು ನಗೆಪಾಟಲೂ ಆಗಿರುವುದರಿಂದ. ಡಿಕನ್ಸ್‌ನ ಪಿಕ್‌ವಿಕ್ ಕೂಡ ಹಾಗೆಯೇ. ಹ್ಯೂಗೋನ ಜೀನ್ ವಾಲ್‌ಜೀನ್ ಗೆಲ್ಲುವುದು ಇನ್ನೊಂದು ದಾರಿಯಲ್ಲಿ, ಅವನಿಗೆ ಬಂದ ಕಷ್ಟ ಮತ್ತು ಸಮಾಜ ಮಾಡಿದ ಅನ್ಯಾಯದಿಂದ.

ಅಂದರೆ ಒಳ್ಳೆಯವನನ್ನು ಒಂದೋ ನಗೆಗೆ ಒಡ್ಡಿ, ಇಲ್ಲವೇ ಕಷ್ಟಕ್ಕೆ ಒಡ್ಡಿ. ನಗೆ ಅಂದರೆ ಬರೆಯುವವರು ಅವನನ್ನು ಗೇಲಿ ಮಾಡುವುದಲ್ಲ. ಅವನ ಒಳ್ಳೆಯತನ ಜಗತ್ತಿನ ಲೆಕ್ಕಕ್ಕೆ ಹೊಂದದೆ ಎಡವಟ್ಟು ಆಗುವುದು. ಅಂಗಡಿಯವನು ಜಾಸ್ತಿ ಚಿಲ್ಲರೆ ಕೊಟ್ಟ ಅಂತ ವಾಪಸ್ ಕೊಡಲು ಹೋಗಿ, ಹಾಗಾದರೆ ನನಗೆ ಲೆಕ್ಕ ಬರಲ್ಲ ಅಂತೀರಾ ಅಂತ ಬೈಸಿಕೊಂಡು ಬರುವ ಮನುಷ್ಯನನ್ನು ಊಹಿಸಿಕೊಳ್ಳಿ. ಅವನನ್ನು ನೋಡಿ ನಗುತ್ತೇವೆ, ನಗುತ್ತಲೇ ಅವನ ಕಡೆ ಸೇರಿಕೊಂಡಿರುತ್ತೇವೆ. ಒಳ್ಳೆಯವನಿಗೆ ತಾನು ಒಳ್ಳೆಯವನು ಅಂತ ಗೊತ್ತಿಲ್ಲದಿದ್ದರೆ ಇದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

ದಾಸ್ತೋವ್ಸ್ಕಿ ಸ್ವತಃ ಮಾಡಿದ್ದು ಇನ್ನೂ ಗಟ್ಟಿಯಾದದ್ದು. 'ಈಡಿಯಟ್'ನ ನಾಯಕ ಮಿಶ್ಕಿನ್‌ಗೆ ಎಲ್ಲರ ಮೇಲೂ ಕರುಣೆ. ಇಬ್ಬರು ಹೆಂಗಸರ ನಡುವೆ ಒಬ್ಬಳನ್ನು ಆರಿಸಬೇಕಾದಾಗ ಅದೇ ಕರುಣೆ ಅವನನ್ನು ಆರಿಸಲು ಬಿಡುವುದಿಲ್ಲ. ಒಬ್ಬಳು ಕೊಲೆಯಾಗುತ್ತಾಳೆ, ಇನ್ನೊಬ್ಬಳ ಬಾಳು ದಾರಿ ತಪ್ಪುತ್ತದೆ, ಅವನು ಮತ್ತೆ ಬುದ್ಧಿ ಕಳೆದುಕೊಳ್ಳುತ್ತಾನೆ. ಅವನು ಯಾರಿಗೂ ಕೆಟ್ಟದ್ದು ಬಯಸಿರಲಿಲ್ಲ.

ಇನ್ನೊಂದು ದಾರಿ, ನಾಯಕ ಬದಲಾಗದೇ ಇರುವುದು. ಅವನು ಬಂದ ಹಾಗೆಯೇ ಹೋಗಲಿ, ಅವನಿಂದ ಉಳಿದವರು ಬದಲಾಗಲಿ, ಕೆಲವರು ಒಳ್ಳೆಯದಕ್ಕೆ, ಕೆಲವರು ಕೆಟ್ಟದ್ದಕ್ಕೆ. ಇಲ್ಲಿ ಕಥೆಯ ತೂಕ ಸುತ್ತಲಿನವರ ಮೇಲೆ ಬೀಳುತ್ತದೆ, ಅವರನ್ನು ಗಟ್ಟಿಯಾಗಿ ಬರೆಯಬೇಕು. ಅವನನ್ನು ಕಂಡರಾಗದ ಒಬ್ಬ ಬುದ್ಧಿವಂತ ಪಾತ್ರವಂತೂ ಬೇಕೇ ಬೇಕು. ಖಳನಾಯಕನಲ್ಲ, ವಿವೇಕ ಇರುವ ಮನುಷ್ಯ. "ಅವನ ಜೊತೆ ಐದು ನಿಮಿಷ ಕೂತರೆ ನಾನು ಕೊಳಕ ಅನ್ನಿಸುತ್ತೆ" ಅಂತ ಹೇಳಬಲ್ಲ ತಮ್ಮನೋ, ಸಹೋದ್ಯೋಗಿಯೋ. ಒಳ್ಳೆಯವರ ಜೊತೆ ಬದುಕುವುದು ಸುಲಭ ಅಲ್ಲ. ಆ ಕಷ್ಟವನ್ನು ಬಾಯಿಬಿಟ್ಟು ಹೇಳುವವರು ಕಥೆಯಲ್ಲಿ ಒಬ್ಬರಿದ್ದರೆ ಓದುಗರ ಅನುಮಾನವನ್ನು ಅವರೇ ಹೊತ್ತುಕೊಳ್ಳುತ್ತಾರೆ.

ಯಾರು ಹೇಳುತ್ತಿದ್ದಾರೆ?

ಪರಿಪೂರ್ಣ ನಾಯಕ 'ನಾನು' ಅಂತ ತನ್ನ ಕಥೆ ತಾನೇ ಹೇಳಿದರೆ ಜಂಬದ ಹಾಗೆ ಕೇಳಿಸುತ್ತದೆ. "ನಾನು ಹಣ ವಾಪಸ್ ಕೊಟ್ಟೆ" ಅಂದರೂ ಸಾಕು, ಓದುಗರ ಹುಬ್ಬು ಏರುತ್ತದೆ. ಹೇಳುವ ಕೆಲಸವನ್ನು ಪಕ್ಕದವರಿಗೆ ಕೊಡಿ. ಷರ್ಲಾಕ್ ಹೋಮ್ಸ್‌ನ ಬುದ್ಧಿ ನಮಗೆ ತಲೆನೋವಾಗದಿರುವುದು ವಾಟ್ಸನ್ ಹೇಳುತ್ತಿರುವುದರಿಂದ. 1887ರ ಮೊದಲ ಕಾದಂಬರಿಯಲ್ಲೇ ವಾಟ್ಸನ್ ಒಂದು ವಿಷಯ ಕಂಡು ದಂಗಾಗುತ್ತಾನೆ. ಈ ಮಹಾ ಬುದ್ಧಿವಂತನಿಗೆ ಭೂಮಿ ಸೂರ್ಯನನ್ನು ಸುತ್ತುತ್ತದೆ ಅನ್ನುವುದೇ ಗೊತ್ತಿಲ್ಲ! ಕೇಳಿದರೆ, ಅದು ನನ್ನ ಕೆಲಸಕ್ಕೆ ಬೇಕಿಲ್ಲ, ಮರೆಯಲು ನೋಡುತ್ತೇನೆ ಅನ್ನುತ್ತಾನೆ. ಇದು ದೃಷ್ಟಿಬೊಟ್ಟಲ್ಲ. ಕೆಲಸಕ್ಕೆ ಬೇಕಾದದ್ದನ್ನು ಮಾತ್ರ ತಲೆಯಲ್ಲಿ ಇಟ್ಟುಕೊಳ್ಳುವ ಅವನ ಶಕ್ತಿಯ ಬೆನ್ನಿಗೇ ಅಂಟಿಕೊಂಡು ಬಂದ ಕೊರತೆ ಇದು.

ಹೋಮ್ಸ್‌ನಂಥವರ ವಿಷಯ ಸ್ವಲ್ಪ ಬೇರೆ ಅನ್ನುವುದನ್ನೂ ಗಮನಿಸಿ. ಗುಣದಲ್ಲಿ ಕುಂದಿಲ್ಲದವನು ಒಂದು, ಕೌಶಲದಲ್ಲಿ ಸೋಲದವನು ಇನ್ನೊಂದು. ಇಪ್ಪತ್ತು ಜನರನ್ನು ಒಬ್ಬನೇ ಹೊಡೆಯುವ ನಾಯಕ ನಿಮ್ಮ ಕಥೆಯಲ್ಲಿದ್ದರೆ ಇಪ್ಪತ್ತೊಂದನೆಯವನನ್ನು ತರುವುದು ಪರಿಹಾರವಲ್ಲ. ಹೊಡೆತದಿಂದ ಬಗೆಹರಿಯದ ತೊಂದರೆ ಕೊಡಿ. ಮಗಳು ಮಾತು ಬಿಟ್ಟಿದ್ದಾಳೆ, ಏನು ಮಾಡುತ್ತಾನೆ ನೋಡೋಣ.

ತಿದ್ದಲು ಕೂತಾಗ

ಕರಡು ಮುಗಿದ ಮೇಲೆ ಮೊದಲು ಮಾಡಬೇಕಾದದ್ದು, ಬೇರೆ ಪಾತ್ರಗಳು ನಾಯಕನನ್ನು ಹೊಗಳುವ ಸಾಲುಗಳನ್ನೆಲ್ಲ ಹೊಡೆದುಹಾಕಿ ಓದುವುದು. ನಿರೂಪಣೆಯಲ್ಲಿ ಬರುವ 'ಶಾಂತವಾಗಿ', 'ಗಂಭೀರವಾಗಿ', 'ದೃಢ ನಿಲುವಿನಿಂದ' ಇತ್ಯಾದಿಗಳೂ ಹೋಗಲಿ. ಆಮೇಲೂ ಅವನು ಒಳ್ಳೆಯವನು ಅಂತ ಗೊತ್ತಾಗುತ್ತಿದ್ದರೆ ಪಾತ್ರ ನಿಂತಿದೆ ಅಂತ ಅರ್ಥ. ಗೊತ್ತಾಗದಿದ್ದರೆ ಇಲ್ಲಿಯವರೆಗೆ ಅವನನ್ನು ಎತ್ತಿ ಹಿಡಿದದ್ದು ಆ ವಿಶೇಷಣಗಳೇ.

ಎರಡನೆಯದು ನಿಧಾನದ ಕೆಲಸ. ಅವನು ಸರಿಯಾದದ್ದನ್ನು ಮಾಡುವ ಪ್ರತಿ ದೃಶ್ಯದ ಪಕ್ಕದಲ್ಲಿ, ಪೆನ್ಸಿಲ್‌ನಲ್ಲಿ, "ಯಾರು ತೆತ್ತರು?" ಅಂತ ಬರೆದು ಉತ್ತರಿಸಿ. ಪ್ರತಿಯೊಂದಕ್ಕೂ ಉತ್ತರ ಇರಬೇಕು ಅಂತಿಲ್ಲ. ಆದರೆ ಸಾಲಾಗಿ ನಾಲ್ಕೈದು ದೃಶ್ಯಗಳಲ್ಲಿ ಉತ್ತರ 'ಯಾರೂ ಇಲ್ಲ' ಅಂತ ಬಂದರೆ ಓದುಗರು ಅಲ್ಲೇ ಪುಸ್ತಕ ಮುಚ್ಚುವುದು. ಉತ್ತರ ಪ್ರತಿ ಸಲವೂ 'ಹೆಂಡತಿ' ಅಂತ ಬರುತ್ತಿದ್ದರೂ ಸ್ವಲ್ಪ ಯೋಚನೆ ಮಾಡಿ. ಗಂಡನ ಆದರ್ಶಕ್ಕೆ ಮೂಕವಾಗಿ ತೆರುತ್ತಾ ಹೋಗುವ ಹೆಂಗಸರನ್ನು ನಮ್ಮ ಕಥೆಗಳು ಬೇಕಾದಷ್ಟು ನೋಡಿವೆ, ಅವಳಿಗೆ ಒಂದು ಸಲವಾದರೂ ಲೆಕ್ಕ ಕೇಳುವ ಅವಕಾಶ ಕೊಡಿ. ಆ ಜಗಳದಲ್ಲಿ ಅವಳ ವಾದ ಅವನದಕ್ಕಿಂತ ಗಟ್ಟಿಯಾಗಿದ್ದರೆ ಇನ್ನೂ ಒಳ್ಳೆಯದು.

ಮಾತುಗಳನ್ನೂ ನೋಡಿ. ಪರಿಪೂರ್ಣ ನಾಯಕರಿಗೆ ಭಾಷಣದ ಚಾಳಿ ಇರುತ್ತದೆ. ಅವನು ನೀತಿ ಹೇಳಲು ಬಾಯಿ ತೆರೆದ ಕಡೆಯೆಲ್ಲ ಯಾರಾದರೂ ಅಡ್ಡ ಬರಲಿ, ಫೋನ್ ಬಡಿಯಲಿ, ಕೇಳುತ್ತಿದ್ದವನು ಆಕಳಿಸಲಿ. ಚುರುಕಾದ ಮಾತುಗಳನ್ನು ಬೇರೆಯವರಿಗೆ ಹಂಚಿ. ಮೇಲಿನ ದೃಶ್ಯದಲ್ಲಿ ನೆನಪಲ್ಲಿ ಉಳಿಯುವ ಮಾತು ಸುಧಾಕರನದಲ್ಲ, ಗಿರಿಜಾ ಅವರದು. ಒಳ್ಳೆಯವನು ಮಾತಿನಲ್ಲೂ ಗೆಲ್ಲಬೇಕಿಲ್ಲ.

ಮಕ್ಕಳ ಕಥೆ, ಜನಪದ ಕಥೆ, ಪುರಾಣ ಬರೆಯುವವರಿಗೆ ಇದರಲ್ಲಿ ಅರ್ಧಕ್ಕರ್ಧ ಬೇಕಾಗುವುದಿಲ್ಲ. ಅಲ್ಲಿ ಓದುಗರು ನಂಬಿಕೆಯನ್ನು ಮನೆಯಿಂದಲೇ ತಂದಿರುತ್ತಾರೆ. ರಾಜಕುಮಾರನಿಗೆ ಹೊಟ್ಟೆಕಿಚ್ಚು ಇತ್ತಾ ಅಂತ ಯಾರೂ ಕೇಳುವುದಿಲ್ಲ, ಏಳು ಸಮುದ್ರ ದಾಟಿದನಾ ಅಂತ ಕೇಳುತ್ತಾರೆ.

ಕೊನೆಯ ಅಧ್ಯಾಯವನ್ನು ಬೇರೆಯಾಗಿ ಇಟ್ಟುಕೊಂಡು ಓದಿ. ಪರಿಪೂರ್ಣ ನಾಯಕನ ಕಥೆಗಳಲ್ಲಿ ಇಡೀ ಪುಸ್ತಕ ಎಚ್ಚರದಿಂದ ಬರೆದವರೂ ಅಲ್ಲಿ ಸೋಲುತ್ತಾರೆ. ಕಳೆದುಕೊಂಡದ್ದೆಲ್ಲ ವಾಪಸ್ ಬರುತ್ತದೆ, ಬೈದವರು ಕ್ಷಮೆ ಕೇಳುತ್ತಾರೆ, ಮೇಲಧಿಕಾರಿ ಹೆಗಲು ತಟ್ಟುತ್ತಾನೆ. ಹರಿಶ್ಚಂದ್ರನಿಗೆ ಎಲ್ಲವೂ ವಾಪಸ್ ಬಂತಲ್ಲ ಅನ್ನಬಹುದು. ಬಂತು, ಆದರೆ ಅಷ್ಟರಲ್ಲಿ ಅವನು ಮಗನ ಹೆಣದ ಮುಂದೆ ನಿಂತು ಹೆಂಡತಿಯ ಹತ್ತಿರ ಸುಡುಗಾಡಿನ ಸುಂಕ ಕೇಳಿ ಆಗಿತ್ತು. ಅಷ್ಟು ದೂರ ನಿಮ್ಮ ನಾಯಕನನ್ನು ನ‌ಡೆಸಿದ್ದೀರಾದರೆ ಬಹುಮಾನ ಕೊಡಿ, ಯಾರೂ ಬೇಡ ಅನ್ನುವುದಿಲ್ಲ. ಇಲ್ಲವಾದರೆ ಆ ಕ್ಷಮಾಪಣೆಯ ದೃಶ್ಯವನ್ನು ತೆಗೆದುಬಿಡಿ. ಸುಧಾಕರನ ಸಸ್ಪೆನ್ಷನ್ ಆದೇಶ ಹಿಂದಕ್ಕೆ ಬರಲಿ, ಆದರೆ ಸ್ಟೋರ್ ಕೆಲಸ ಬೇರೆಯವನಿಗೆ ಹೋಗಿರಲಿ, ಕಾರಿಡಾರ್‌ನಲ್ಲಿ ಎದುರಾದ ಗಿರಿಜಾ "ಊಟ ಆಯ್ತಾ" ಅಂತ ಮಾತ್ರ ಕೇಳಿ ಮುಂದೆ ಹೋಗಲಿ.